‘ನಿಮ್ಮೂರಿನ ಎನ್ವಿರಾನ್‌ಮೆಂಟ್ ಸರಿ ಇಲ್ಲ’

2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಊರಿಗೆ ಬಂದೆ. ಊರು ಅಂದ್ರೆ ಹರಪನಹಳ್ಳಿ. ಮಹಡಿ ಮೇಲಿನ ರೂಮು. ಕಿಟಕಿ ಪಕ್ಕ ಇಟ್ಟರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ತೋರಿಸೋ ಮೊಬೈಲು, ಅದರದ್ದೇ ಹಾಟ್‌ಸ್ಪಾಟು. ಮಧ್ಯಾಹ್ನ ಕರೆಂಟ್ ಹೋದರೆ ಬ್ಯಾಟರಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಾ ಕೆಲಸ.

ನಮ್ಮ ಟೀಮು ಮಾಡ್ತಿದ್ದದ್ದು ಪಾಡ್‌ಮನ್ ಮೇಲೆ ನಿಂತ ಒಂದು ಕಮಾಂಡ್‌ಲೈನ್ ಟೂಲು. ಇಮೇಜ್ ತರಿಸೋದು, ಕಂಟೇನರ್ ಶುರು ಮಾಡೋದು, ನಿಲ್ಲಿಸೋದು, ಹಳೇದನ್ನ ಗುಡಿಸಿ ಹಾಕೋದು. ಅದಕ್ಕೆ ಸಿಸ್ಟಮ್ ಟೆಸ್ಟ್ ಬರೆಯೋದು ನನ್ನ ಪಾಲಿನ ಕೆಲಸ. ಬೆಂಗಳೂರಿನ ಆಫೀಸ್ ಸರ್ವರಿನಲ್ಲಿ ಅಷ್ಟೂ ಟೆಸ್ಟು ಹಸಿರು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಕೆಂಪು. ಮೂರು ದಿನ ಬಿಡದೆ ಓಡಿಸಿದೆ, ಅದೇ ಮೂರು ಕೆಂಪು. ನಾಲ್ಕನೇ ದಿನ ಬೆಳಗಿನ ಮೀಟಿಂಗಿನಲ್ಲಿ ಹೇಳಿದೆ. ಆಕಡೆಯಿಂದ ಬಂದ ಉತ್ತರ ಇಷ್ಟೇ: “ನಿಮ್ಮೂರಿನ ಎನ್ವಿರಾನ್‌ಮೆಂಟ್ ಸರಿ ಇಲ್ಲ. ಆಫೀಸ್ ಸರ್ವರಲ್ಲಿ ರೀ-ರನ್ ಕೊಡಿ, ಗ್ರೀನ್ ಬಂದ್ರೆ ಮರ್ಜ್ ಮಾಡಿ.”

ಹೇಳಿದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ನಾನೂ ಸುಮ್ಮನೆ ರೀ-ರನ್ ಕೊಟ್ಟೆ. ಹಸಿರು ಬಂತು. ಮರ್ಜ್ ಆಯ್ತು. ರಾತ್ರಿ ಊಟಕ್ಕೆ ಕೂತಾಗ ಅವ್ವ “ಯಾಕಲೇ, ಮಾರಿ ಸಣ್ಣದು ಮಾಡ್ಕೊಂಡೀ” ಅಂದಳು. ಏನಂತ ಹೇಳೋದು? ನನ್ನ ಊರು ಫ್ಲೇಕಿ ಅಂತ ಅಂದ್ರು ಅಂತಲೇ?

ಆವತ್ತು ಹೇಳದ ಮಾತನ್ನ ಈಗ ಹೇಳ್ತೀನಿ. ನಮ್ಮೂರಿನ ಎನ್ವಿರಾನ್‌ಮೆಂಟ್ ಸರಿಯಾಗೇ ಇತ್ತು. ಸರಿ ಇರದಿದ್ದದ್ದು ನಮ್ಮ ಟೆಸ್ಟುಗಳು. ಅವು ಸುಳ್ಳು ಹೇಳುತ್ತಿದ್ದವು. ನಾವು ಆ ಸುಳ್ಳನ್ನ ದಿನಕ್ಕೆ ಹತ್ತು ಸಲ ಬಟನ್ ಒತ್ತಿ ಕೇಳಿಸಿಕೊಳ್ಳುತ್ತಿದ್ದೆವು. ಸುಳ್ಳು ಹೇಳೋ ಟೆಸ್ಟು ಟೆಸ್ಟೇ ಇಲ್ಲದಿರೋದಕ್ಕಿಂತ ಕೆಟ್ಟದ್ದು. ಟೆಸ್ಟ್ ಇಲ್ಲ ಅಂದ್ರೆ ಕನಿಷ್ಠ ಭಯ ಇರುತ್ತೆ, ಭಯ ಇದ್ದವನು ಒಂದು ಸಲ ಕೈಯಾರೆ ಓಡಿಸಿ ನೋಡ್ತಾನೆ. ಹಸಿರು ಗುರುತು ಆ ಭಯವನ್ನೂ ಕಿತ್ತುಕೊಳ್ಳುತ್ತೆ.

ಸಿಸ್ಟಮ್ ಟೆಸ್ಟ್ ಅಂದ್ರೇನು ಅಂತ ನಮ್ಮೂರಿನವರಿಗೆ ನಾನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆ ಆದಾಗ ಅತ್ತ ಹೋಯ್ತು. 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆಯ್ತು, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಜತೆ ನಾವೂ ಅದರೊಳಗೆ ಹೋದೆವು. ಊರು ಒಂದಿಂಚೂ ಕದಲಿಲ್ಲ, ಅಡ್ರೆಸ್ಸು ಮಾತ್ರ ಮೂರು ಸಲ ಬದಲಾಯ್ತು. ಇದೇನು ಬರೀ ಹೆಸರಿನ ವಿಷಯವೂ ಅಲ್ಲ. 371(ಜೆ) ಬಂದಾಗ ಬಳ್ಳಾರಿ ಜಿಲ್ಲೆಗೆ ಸಿಕ್ಕ ಮೀಸಲಾತಿ, ಆಗ ದಾವಣಗೆರೆಯಲ್ಲಿದ್ದ ನಮಗೆ ಸಿಗಲಿಲ್ಲ. ಜಿಲ್ಲೆಯ ಕಾಲಂನಲ್ಲಿ ಏನು ಬರೆದಿದೆ ಅನ್ನೋದರ ಮೇಲೆ ಸೀಟು, ಕೆಲಸ ನಿಂತಿದ್ದವು.

ಈಗ ಒಬ್ಬ ಹುಡುಗ ಅರ್ಜಿ ಹಾಕೋಕೆ ಹೋಗ್ತಾನೆ ಅನ್ನಿ. ಅವನ ಮಾರ್ಕ್ಸ್ ಕಾರ್ಡಿನಲ್ಲಿ ದಾವಣಗೆರೆ, ಆಧಾರಿನಲ್ಲಿ ಬಳ್ಳಾರಿ, ಹೊಸ ಫಾರಮ್ಮಿನ ಪಟ್ಟಿಯಲ್ಲಿ ವಿಜಯನಗರ. ಮೊದಲ ಕೌಂಟರಿನವರು ಹೇಳೋದು ನಿಯಮದ ಪ್ರಕಾರ ಸರಿ. ಎರಡನೇ ಕೌಂಟರಿನವರದೂ ಸರಿ. ಕಂಪ್ಯೂಟರ್ ‘ತಾಳೆಯಾಗುತ್ತಿಲ್ಲ’ ಅನ್ನೋದೂ ಸರಿ. ಎಲ್ಲರೂ ಸರಿ, ಅರ್ಜಿ ಮಾತ್ರ ವಾಪಸ್ಸು. ಒಂದೊಂದು ಕೌಂಟರನ್ನ ಬೇರೆ ಬೇರೆ ಪರೀಕ್ಷಿಸೋದು ಯೂನಿಟ್ ಟೆಸ್ಟು. ಆ ಹುಡುಗನ ಜಾಗದಲ್ಲಿ ನಿಂತು, ಅವನ ಕಾಗದಪತ್ರ ಹಿಡಿದು, ಬಾಗಿಲಿನಿಂದ ಒಳಗೆ ಹೋಗಿ, ಕೊನೆಗೆ ಕೈಗೆ ರಸೀದಿ ಬಂತೋ ಇಲ್ಲವೋ ಅಂತ ನೋಡೋದು ಸಿಸ್ಟಮ್ ಟೆಸ್ಟು.

ಕಂಟೇನರ್ ಟೂಲಿಗೆ ಈ ಎರಡನೇದು ಬೇಕೇ ಬೇಕು, ಯಾಕಂದ್ರೆ ಕಂಟೇನರ್ ಅನ್ನೋದು ಯಾರೋ ಒಬ್ಬರ ಕೋಡಿನೊಳಗೆ ಇರೋ ವಸ್ತು ಅಲ್ಲ. ಅದೊಂದು ಪ್ರೋಸೆಸ್ಸು. ಲಿನಕ್ಸ್ ಕರ್ನೆಲ್ ಅದಕ್ಕೆ ನೇಮ್‌ಸ್ಪೇಸ್ ಅಂತ ಗೋಡೆ ಕಟ್ಟಿ, ಸಿಗ್ರೂಪ್ ಅಂತ ರೇಷನ್ ಕೊಟ್ಟು ಕೂರಿಸಿರುತ್ತೆ. ನಡುವೆ ಫೈಲ್ ಸಿಸ್ಟಮ್, ನೆಟ್‌ವರ್ಕ್, ಎಸ್‌ಇ-ಲಿನಕ್ಸ್, ಇಮೇಜ್ ಇಟ್ಟಿರೋ ದೂರದ ರಿಜಿಸ್ಟ್ರಿ. ಇಷ್ಟೂ ಕೌಂಟರ್ ದಾಟಿದರೇನೇ ‘ಪಾಡ್‌ಮನ್ ರನ್’ ಅನ್ನೋ ಒಂದು ಸಾಲು ಕೆಲಸ ಮಾಡೋದು. ಅದಕ್ಕೇ ಪಾಡ್‌ಮನ್ ಕಟ್ಟಿದವರು ಟೂಲನ್ನ ಗೋ ಭಾಷೆಯಲ್ಲಿ ಬರೆದರೂ, ಅದರ ಸಿಸ್ಟಮ್ ಟೆಸ್ಟುಗಳನ್ನ ಬ್ಯಾಷ್‌ನಲ್ಲಿ, ಬ್ಯಾಟ್ಸ್ ಅನ್ನೋ ಚೌಕಟ್ಟಿನಲ್ಲಿ ಬರೆದರು. ಬಳಸೋನು ಟರ್ಮಿನಲ್ಲಿನಲ್ಲಿ ಏನು ಟೈಪ್ ಮಾಡ್ತಾನೋ ಟೆಸ್ಟೂ ಅದನ್ನೇ ಟೈಪ್ ಮಾಡುತ್ತೆ. ಆ ರೆಪಾಸಿಟರಿ ಎಲ್ಲರಿಗೂ ತೆರೆದಿದೆ, ಟೆಸ್ಟ್ ಫೋಲ್ಡರಿನೊಳಗೆ ಸಿಸ್ಟಮ್ ಅನ್ನೋ ಫೋಲ್ಡರಿದೆ. ಟೆಸ್ಟ್ ಬರೆಯೋದು ಹೇಗೆ ಅನ್ನೋ ಯಾವ ಕೋರ್ಸಿಗಿಂತಲೂ ಅದನ್ನ ಕೂತು ಓದೋದು ಒಳ್ಳೆಯದು.

ಸರಿ, ಟೆಸ್ಟು ಸುಳ್ಳು ಹೇಳೋದು ಹೇಗೆ? ನಾನೇ ಬರೆದ ಸುಳ್ಳುಗಳಿಂದ ಶುರು ಮಾಡ್ತೀನಿ.

ಬ್ಯಾಟ್ಸ್‌ನಲ್ಲಿ ‘ರನ್’ ಅನ್ನೋ ಒಂದು ಪದ ಇದೆ. ಕಮಾಂಡಿನ ಮುಂದೆ ಅದನ್ನ ಹಾಕಿದರೆ, ಕಮಾಂಡ್ ಸೋತರೂ ಗೆದ್ದರೂ ಟೆಸ್ಟು ಮುಂದೆ ಹೋಗುತ್ತೆ. ಫಲಿತಾಂಶವನ್ನ ‘ಸ್ಟೇಟಸ್’ ಅನ್ನೋ ವೇರಿಯೇಬಲ್ಲಿನಲ್ಲಿ ಇಟ್ಟಿರುತ್ತೆ, ನೀವು ಆಮೇಲೆ ತೆಗೆದು ನೋಡಬೇಕು. ನೋಡಲಿಲ್ಲವೋ, ಟೆಸ್ಟು ಪಾಸ್. ಕಂಟೇನರ್ ಶುರುವಾಗದೆ ಅಲ್ಲೇ ಸತ್ತು ಬಿದ್ದಿದ್ದರೂ ಪಾಸ್. ನಾನು ಬರೆದ ಹನ್ನೆರಡು ಟೆಸ್ಟಿನಲ್ಲಿ ಐದರಲ್ಲಿ ಸ್ಟೇಟಸ್ ನೋಡೇ ಇರಲಿಲ್ಲ. ಪಾಡ್‌ಮನ್‌ನವರು ಇದನ್ನ ಮನುಷ್ಯನ ನೆನಪಿಗೆ ಬಿಡಲಿಲ್ಲ. ‘ರನ್ ಪಾಡ್‌ಮನ್’ ಅಂತ ತಮ್ಮದೇ ಒಂದು ಫಂಕ್ಷನ್ ಮಾಡಿಕೊಂಡರು. ಏನೂ ಹೇಳದಿದ್ದರೆ ಅದು ಸೊನ್ನೆಯನ್ನೇ ನಿರೀಕ್ಷಿಸುತ್ತೆ. ಬೇರೆ ಸಂಖ್ಯೆ ಬರಬೇಕು ಅಂದ್ರೆ ನೀವೇ ಮೊದಲು ಬರೆಯಬೇಕು. ಪಾಡ್‌ಮನ್ನೇ ತಪ್ಪು ಕಂಡು ನಿಂತರೆ 125. ಕಂಟೇನರ್ ಒಳಗಿನ ಕಮಾಂಡನ್ನ ಓಡಿಸೋಕೆ ಆಗದಿದ್ದರೆ 126. ಅಂಥ ಕಮಾಂಡೇ ಇಲ್ಲದಿದ್ದರೆ 127. ‘ಫೇಲ್ ಆಗಬೇಕು’ ಅಂತ ಬರೆದರೆ ಸಾಲದು, ‘ಯಾವ ಕಾರಣಕ್ಕೆ ಫೇಲ್ ಆಗಬೇಕು’ ಅಂತ ಬರೆಯಬೇಕು. ಇಲ್ಲದಿದ್ದರೆ ಕಮಾಂಡಿನ ಹೆಸರನ್ನೇ ತಪ್ಪು ಟೈಪ್ ಮಾಡಿದ್ದರೂ ಟೆಸ್ಟು ‘ಹೌದು, ಫೇಲ್ ಆಯ್ತು’ ಅಂತ ಖುಷಿಯಾಗಿ ಪಾಸಾಗುತ್ತೆ.

ಎರಡನೇ ಸುಳ್ಳು ಆಶ್ಚರ್ಯಸೂಚಕದ್ದು. ‘ಈ ಕಂಟೇನರ್ ಈಗ ಪಟ್ಟಿಯಲ್ಲಿ ಇರಬಾರದು’ ಅಂತ ಹೇಳೋಕೆ ಗ್ರೆಪ್ ಕಮಾಂಡಿನ ಮುಂದೆ ಒಂದು ! ಹಾಕಿ ಬಿಡ್ತೀವಿ. ಬ್ಯಾಷ್‌ನ ನಿಯಮದ ಪ್ರಕಾರ ಹಾಗೆ ತಿರುಗಿಸಿದ ಸಾಲು ಸೋತರೆ ಸ್ಕ್ರಿಪ್ಟು ನಿಲ್ಲೋದಿಲ್ಲ. ಆ ಸಾಲು ಟೆಸ್ಟಿನ ಕೊನೆಯ ಸಾಲಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತೆ, ನಡುವೆ ಇದ್ದರೆ ಅದೊಂದು ಅಲಂಕಾರ. ವರ್ಷಗಟ್ಟಲೆ ಹಸಿರಾಗಿದ್ದು ಏನನ್ನೂ ಪರೀಕ್ಷಿಸದ ಸಾಲುಗಳು ನಮ್ಮ ಕೋಡಿನಲ್ಲಿ ಎಷ್ಟು ಸಿಕ್ಕವು ಅಂತ ಹೇಳೋಕೆ ನನಗೆ ನಾಚಿಕೆ.

ಮೂರನೇದು ‘ಸ್ಲೀಪ್ 5’. ಇದು ನಮ್ಮ ಇಂಡಸ್ಟ್ರಿಯ ರಾಷ್ಟ್ರೀಯ ಹವ್ಯಾಸ. ಕಂಟೇನರನ್ನ ಹಿನ್ನೆಲೆಯಲ್ಲಿ ಓಡಿಸಿದರೆ, ಕಂಟೇನರ್ ಶುರುವಾದ ತಕ್ಷಣ ಕಮಾಂಡು ವಾಪಸ್ ಬರುತ್ತೆ. ಒಳಗಿನ ವೆಬ್ ಸರ್ವರ್ ತಯಾರಾಗಿದೆ ಅಂತ ಅದರ ಅರ್ಥ ಅಲ್ಲ. ಅದಕ್ಕೆ ನಾವು ಐದು ಸೆಕೆಂಡ್ ಮಲಗ್ತೀವಿ. ಆಫೀಸ್ ಸರ್ವರಿಗೆ ಐದು ಸೆಕೆಂಡು ಧಾರಾಳ. ನನ್ನ ಹಳೇ ಲ್ಯಾಪ್‌ಟಾಪಿಗೆ ಸಾಲದು. ಆಗ ಯಾರೋ ಅದನ್ನ ಹತ್ತು ಮಾಡ್ತಾರೆ, ಮುಂದಿನವರು ಮೂವತ್ತು. ಸರಿಯಾದ ದಾರಿ ಅಂದ್ರೆ ಕೇಳ್ತಾ ಇರೋದು: ‘ತಯಾರಾ? ತಯಾರಾ?’ ತಯಾರು ಅಂದ ಕೂಡಲೇ ಮುಂದೆ ಹೋಗೋದು, ಒಂದು ಮಿತಿ ದಾಟಿದರೆ ಏನಾಯ್ತು ಅಂತ ಬರೆದು ಬಿದ್ದುಹೋಗೋದು. ಪಾಡ್‌ಮನ್ ಟೆಸ್ಟುಗಳಲ್ಲಿ ಪೋರ್ಟಿಗೆ ಕಾಯೋಕೆ, ಔಟ್‌ಪುಟ್ಟಿಗೆ ಕಾಯೋಕೆ ಬೇರೆ ಬೇರೆ ಫಂಕ್ಷನ್‌ಗಳೇ ಇವೆ.

ನಾಲ್ಕನೇದು ರೂಟ್ ಆಗಿ ಓಡಿಸೋದು. ಪಾಡ್‌ಮನ್‌ನ ದೊಡ್ಡ ಹೆಮ್ಮೆಯೇ ಸಾಮಾನ್ಯ ಯೂಸರ್ ಕೂಡ ರೂಟ್ ಅಧಿಕಾರ ಇಲ್ಲದೆ ಕಂಟೇನರ್ ಓಡಿಸಬಹುದು ಅನ್ನೋದು. ನಮ್ಮ ಸಿಐ ಮಾತ್ರ ಎಲ್ಲವನ್ನೂ ರೂಟ್ ಆಗಿ ಓಡಿಸ್ತಿತ್ತು. 80ನೇ ಪೋರ್ಟು ಕೊಡು ಅಂದ್ರೆ ರೂಟಿಗೆ ತಕ್ಷಣ ಸಿಗುತ್ತೆ. ಸಾಮಾನ್ಯ ಯೂಸರಿಗೆ ಸೆಟ್ಟಿಂಗ್ ಬದಲಿಸದ ಹೊರತು 1024ಕ್ಕಿಂತ ಕೆಳಗಿನ ಪೋರ್ಟು ಸಿಗೋದಿಲ್ಲ. ಕಲೆಕ್ಟರ್ ಸಾಹೇಬರ ಕಾರಿನಲ್ಲಿ ಕೂತು ‘ತಾಲ್ಲೂಕು ಕಚೇರಿಯಲ್ಲಿ ಕೆಲಸ ಬೇಗ ಆಗುತ್ತೆ’ ಅಂತ ವರದಿ ಬರೆದ ಹಾಗೆ.

ಐದನೇದು ಎರರ್ ಮೆಸೇಜು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಂದು ಸಲ ಗೊರವಯ್ಯ ಬಿಲ್ಲು ಏರಿ ಕಾರಣಿಕ ನುಡೀತಾನೆ. ಒಂದೇ ಸಾಲು. ರೈತರು ಮಳೆ ಅಂತಾರೆ, ರಾಜಕಾರಣಿಗಳು ಕುರ್ಚಿ ಅಂತಾರೆ, ಟಿವಿಯವರು ಮೂರು ದಿನ ಚರ್ಚೆ ಮಾಡ್ತಾರೆ. ಕಾರಣಿಕ ಹಾಗಿದ್ದರೇ ಚೆಂದ. ಟೆಸ್ಟಿನ ಎರರ್ ಮೆಸೇಜು ಹಾಗಿರಬಾರದು. ‘42ನೇ ಸಾಲು, ಫೇಲ್’ ಅಂತ ನುಡಿದು ಸುಮ್ಮನಾದರೆ ಎಲ್ಲರೂ ತಮಗೆ ಬೇಕಾದ ಅರ್ಥ ಹಚ್ತಾರೆ. ಸಾಮಾನ್ಯವಾಗಿ ಎಲ್ಲರಿಗೂ ಬೇಕಾಗಿರೋ ಅರ್ಥ ಒಂದೇ: ‘ನೆಟ್‌ವರ್ಕ್ ಇರಬೇಕು ಬಿಡ್ರಿ, ರೀ-ರನ್ ಕೊಡಿ.’ ಯಾವ ಕಮಾಂಡ್ ಓಡಿತು, ಏನು ಬರಬೇಕಿತ್ತು, ಏನು ಬಂತು, ಈ ಮೂರು ಇಲ್ಲದ ಮೆಸೇಜು ರೀ-ರನ್ ಬಟನ್ನಿಗೆ ಕರೆಯೋಲೆ.

ಈಗ ನನ್ನ ಮೂರು ಕೆಂಪಿನ ಕಥೆಗೆ ಬರ್ತೀನಿ. ಮರ್ಜ್ ಆದ ಮೇಲೂ ನನಗೆ ಸಮಾಧಾನ ಆಗಲಿಲ್ಲ. ಶನಿವಾರ, ಭಾನುವಾರ ಕೂತು ಬಿಚ್ಚಿದೆ. ಮೊದಲನೇದು ‘ಸ್ಲೀಪ್ 5’ ಕಥೆ, ಟೆಸ್ಟಿನದೇ ತಪ್ಪು. ಎರಡನೇದು ಪ್ರತಿ ಸಲ ದೊಡ್ಡ ಇಮೇಜೊಂದನ್ನ ಇಂಟರ್‌ನೆಟ್ಟಿನಿಂದ ಎಳೀತಿತ್ತು. ಅದೂ ಟೆಸ್ಟಿನದೇ ತಪ್ಪು, ಪರೀಕ್ಷೆ ಮಾಡ್ತಿದ್ದ ವಿಷಯಕ್ಕೂ ಆ ಇಮೇಜಿಗೂ ಸಂಬಂಧವೇ ಇರಲಿಲ್ಲ. ಪಾಡ್‌ಮನ್‌ನವರು ಇದಕ್ಕೇ ತಾರೀಖು ಹಾಕಿದ ಒಂದು ಸಣ್ಣ ಟೆಸ್ಟ್ ಇಮೇಜ್ ಇಟ್ಟುಕೊಂಡು ಬಹುಪಾಲು ಟೆಸ್ಟುಗಳನ್ನ ಅದರಲ್ಲೇ ಮುಗಿಸ್ತಾರೆ.

ಮೂರನೇದು ಬಗ್. ನಿಜವಾದ ಬಗ್, ನಮ್ಮ ಟೂಲಿನೊಳಗೇ.

ಟೂಲಿನ ಒಳಗೊಂದು ಕಡೆ ಶೆಲ್ ಸ್ಕ್ರಿಪ್ಟ್ ಇತ್ತು. ‘ಪಾಡ್‌ಮನ್ ಪುಲ್’ ಔಟ್‌ಪುಟ್ಟನ್ನ ಪೈಪ್ ಹಾಕಿ ‘ಟೀ’ ಕಮಾಂಡಿಗೆ ಕೊಟ್ಟು ಲಾಗ್ ಫೈಲಿಗೆ ಬರೀತಿತ್ತು. ಶೆಲ್‌ನಲ್ಲಿ ಪೈಪಿನ ಫಲಿತಾಂಶ ಅಂದ್ರೆ ಕೊನೆಯ ಕಮಾಂಡಿನ ಫಲಿತಾಂಶ. ‘ಪೈಪ್‌ಫೇಲ್’ ಅನ್ನೋ ಆಯ್ಕೆ ಹಾಕಿದರೆ ಮಾತ್ರ ಮುಂಚಿನವರ ಸೋಲೂ ಗೊತ್ತಾಗೋದು. ನಾವು ಹಾಕಿರಲಿಲ್ಲ. ನಮ್ಮೂರಿನ ಹಾಟ್‌ಸ್ಪಾಟಿನಲ್ಲಿ ಪುಲ್ ಅರ್ಧಕ್ಕೆ ಕಡಿದು ಬೀಳ್ತಿತ್ತು, ಟೀ ಕಮಾಂಡು ಮಾತ್ರ ತನ್ನ ಕೆಲಸ ಮುಗಿಸಿ ಸೊನ್ನೆ ಕೊಡ್ತಿತ್ತು. ಟೂಲು ‘ಯಶಸ್ವಿ’ ಅಂತಿತ್ತು. ಮುಂದಿನ ಹೆಜ್ಜೆ ‘ಪಾಡ್‌ಮನ್ ರನ್’. ಬೇರೆ ಹೇಳದಿದ್ದರೆ ಅದು ಅದೇ ಟ್ಯಾಗಿನ ಇಮೇಜು ಮಷೀನಿನಲ್ಲಿ ಆಗಲೇ ಇದ್ದರೆ ಅದನ್ನೇ ಎತ್ತಿಕೊಳ್ಳುತ್ತೆ. ಅಂದ್ರೆ ಹಳೇ ಇಮೇಜು. ಬಳಸೋನಿಗೆ ‘ಹೊಸ ವರ್ಷನ್ ಬಂತು’ ಅಂತ ಹೇಳಿ ಹಳೇದನ್ನೇ ಓಡಿಸ್ತಿದ್ದೆವು. ಸೆಕ್ಯುರಿಟಿ ಸರಿಪಡಿಸಿದ ಇಮೇಜು ಅಂತ ನಂಬಿ ಅವನು ಮನೆಗೆ ಹೋಗ್ತಾನೆ, ತೂತಿರೋ ಹಳೇದು ರಾತ್ರಿಯೆಲ್ಲ ಓಡ್ತಿರುತ್ತೆ.

ಆಮೇಲೆ ಆಫೀಸ್ ಸಿಐನ ಹಳೇ ಲಾಗ್ ತೆಗೆದು ನೋಡಿದೆ. ಅದೇ ಟೆಸ್ಟು ಅಲ್ಲೂ ಆಗೊಮ್ಮೆ ಈಗೊಮ್ಮೆ ಕೆಂಪಾಗಿತ್ತು, ತಿಂಗಳುಗಟ್ಟಲೆಯಿಂದ. ಪ್ರತಿ ಸಲ ಯಾರೋ ಒಬ್ಬರು ರೀ-ರನ್ ಒತ್ತಿದ್ದರು. ಎರಡು ಸಲ ಒತ್ತಿದವನು ನಾನೇ. ಬೆಂಗಳೂರಿನ ನೆಟ್‌ವರ್ಕು ತಿಂಗಳಿಗೊಮ್ಮೆ ಪಿಸುಗುಟ್ಟಿದ್ದನ್ನ ಹರಪನಹಳ್ಳಿಯ ನೆಟ್‌ವರ್ಕು ದಿನಾ ಕೂಗಿ ಹೇಳಿತು. ಅಷ್ಟೇ ವ್ಯತ್ಯಾಸ. ಹೇಳಿ ಈಗ, ಯಾವ ಊರಿನ ಎನ್ವಿರಾನ್‌ಮೆಂಟ್ ಟೆಸ್ಟಿಗೆ ಒಳ್ಳೆಯದು? ನಮ್ಮ ಟೂಲು ಬಳಸೋರೆಲ್ಲ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲೇ ಕೂತಿರ್ತಾರಾ?

ಇಷ್ಟಾದರೂ ಇದು ಬರೀ ಟೆಕ್ನಿಕಲ್ ತಪ್ಪು ಅಂತ ನನಗನ್ನಿಸೋದಿಲ್ಲ. ನಮ್ಮ ಟೆಸ್ಟುಗಳು ಸುಳ್ಳು ಹೇಳೋಕೆ ಕಾರಣ, ಟೆಸ್ಟ್ ಬರೆಯೋದನ್ನ ನಾವು ಎರಡನೇ ದರ್ಜೆಯ ಕೆಲಸ ಮಾಡಿರೋದು. ಕ್ಯಾಂಪಸ್ಸಿನಿಂದ ಹುಡುಗರು ಬರ್ತಾರೆ. ಇಂಗ್ಲಿಷ್ ಪಟಪಟ ಅನ್ನೋರು ಡೆವಲಪ್‌ಮೆಂಟಿಗೆ, ಕನ್ನಡ ಮೀಡಿಯಮ್ಮಿನಿಂದ ಬಂದು ಮೀಟಿಂಗಿನಲ್ಲಿ ತಡವರಿಸೋರು ಟೆಸ್ಟಿಂಗಿಗೆ. ಯಾರೂ ಹಾಗಂತ ಬರೆದಿಟ್ಟಿಲ್ಲ, ನಿಮ್ಮ ಫ್ಲೋರಿನಲ್ಲಿ ಒಂದು ಸುತ್ತು ಹಾಕಿ ನೋಡಿ. “ಟೆಸ್ಟಿಂಗಿಗೆ ಹಾಕಿದ್ರಾ? ಇರಲಿ, ಒಂದು ವರ್ಷ ನೋಡು, ಆಮೇಲೆ ಡೆವ್‌ಗೆ ಶಿಫ್ಟ್ ಆಗು” ಅಂತ ಸೀನಿಯರ್ರೇ ಸಮಾಧಾನ ಹೇಳ್ತಾರೆ. ಸಾವಿನ ಮನೆಗೆ ಬಂದವರ ಥರ. ಓಡಿಹೋಗಬೇಕಾದ ಜಾಗ ಅಂತ ಮೊದಲ ದಿನವೇ ಹೇಳಿಸಿಕೊಂಡವನು ಅಲ್ಲಿ ಬೇರು ಬಿಟ್ಟು ಯಾಕೆ ಬರೀತಾನೆ? ‘ಸ್ಲೀಪ್ 5’ ಹಾಕ್ತಾನೆ, ಹಸಿರು ತೋರಿಸ್ತಾನೆ, ರೆಸ್ಯೂಮೆ ಅಪ್‌ಡೇಟ್ ಮಾಡ್ತಾನೆ.

ನಿಜ ಏನಪ್ಪಾ ಅಂದ್ರೆ, ಕಂಟೇನರ್ ಟೂಲಿಗೆ ಒಂದು ಒಳ್ಳೇ ಸಿಸ್ಟಮ್ ಟೆಸ್ಟು ಬರೆಯೋಕೆ ಕರ್ನೆಲ್ ಗೊತ್ತಿರಬೇಕು, ಶೆಲ್ಲಿನ ವಕ್ರಬುದ್ಧಿ ಗೊತ್ತಿರಬೇಕು, ರೂಟ್ ಅಲ್ಲದ ಯೂಸರಿನ ಕಷ್ಟ ಗೊತ್ತಿರಬೇಕು, ನೆಟ್‌ವರ್ಕ್ ಕಡಿದಾಗ ಏನಾಗುತ್ತೆ ಅಂತ ಅನುಭವ ಇರಬೇಕು. ಕೊನೇದು ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಂದಿದೆ. ಬಸ್ಸು ಬರದೇ ಹೋದರೆ, ಕರೆಂಟು ಹೋದರೆ, ಜಿಲ್ಲೆಯೇ ಬದಲಾದರೆ ಏನು ಮಾಡೋದು ಅಂತ ಯೋಚಿಸಿಯೇ ನಾವು ಮನೆಯಿಂದ ಹೊರಡೋದು. ಇಂಥವರನ್ನ ಟೆಸ್ಟಿಂಗಿಗೆ ಹಾಕೋದು ತಪ್ಪಲ್ಲ. ಹಾಕಿ, ಅವರು ಹೇಳಿದ ಮಾತಿಗೆ ‘ನಿಮ್ಮೂರು ಸರಿ ಇಲ್ಲ’ ಅನ್ನೋದು ತಪ್ಪು.

ಇದಕ್ಕೆ ಬರೋ ಉತ್ತರಗಳೂ ನನಗೆ ಗೊತ್ತು. “ಸಿಸ್ಟಮ್ ಟೆಸ್ಟು ಅಂದ್ರೆ ಸ್ವಲ್ಪ ಫ್ಲೇಕಿ ಇದ್ದೇ ಇರುತ್ತೆ” ಅಂತಾರೆ. ಒಪ್ಪಿದೆ. ನಿಜವಾದ ನೆಟ್‌ವರ್ಕು, ನಿಜವಾದ ಗಡಿಯಾರ ಇದ್ದ ಕಡೆ ಅದು ಪೂರಾ ಹೋಗೋದಿಲ್ಲ. ಪಾಡ್‌ಮನ್‌ನವರಿಗೂ ಹೋಗಿಲ್ಲ. ಆದರೆ ಅವರು ಅದಕ್ಕೆ ‘ಫ್ಲೇಕ್ಸ್’ ಅಂತ ಲೇಬಲ್ ಹಾಕಿ, ಎಲ್ಲರಿಗೂ ಕಾಣೋ ಹಾಗೆ ಇಶ್ಯೂ ತೆರೆದು, ಲಾಗ್ ಅಂಟಿಸಿ ಇಡ್ತಾರೆ. ರೀ-ರನ್ ಒತ್ತೋದೇ ಪಾಪ ಅಂತ ನಾನು ಹೇಳ್ತಿಲ್ಲ. ಒತ್ತೋ ಮುಂಚೆ ಒಂದು ಸಾಲು ಬರೆದಿಡದೆ ಒತ್ತೋದು ಪಾಪ.

“ಈಗ ಎಐ ಬರೆದು ಕೊಡುತ್ತಲ್ಲ” ಅನ್ನೋರು ಹೊಸ ಪಂಗಡ. ಕೊಡುತ್ತೆ, ನಾನೂ ಬರೆಸ್ತೀನಿ. ಕೋಡು ಕೊಟ್ಟು ಟೆಸ್ಟು ಬರಿ ಅಂದ್ರೆ, ಆ ಕೋಡು ಈಗ ಏನು ಮಾಡ್ತಿದೆಯೋ ಅದನ್ನೇ ‘ಸರಿ’ ಅಂತ ಬರೆದು ಕೊಡೋ ಅಪಾಯ ಇದ್ದೇ ಇದೆ. ಪೈಪ್‌ಫೇಲ್ ಇಲ್ಲದ ನಮ್ಮ ಸ್ಕ್ರಿಪ್ಟು ಕೊಟ್ಟಿದ್ದರೆ ‘ಸೊನ್ನೆ ಬರಬೇಕು’ ಅಂತ ಬರೆದು ಬೆನ್ನು ತಟ್ಟಬಹುದಿತ್ತು. ಪುಲ್ ಅರ್ಧಕ್ಕೆ ನಿಂತರೆ ಬಳಸೋನ ಗತಿ ಏನು ಅನ್ನೋ ಪ್ರಶ್ನೆ ನೀವೇ ಕೇಳಬೇಕು. ಟೈಪಿಂಗು ಬೇಕಾದರೆ ಅದು ಮಾಡಲಿ.

“ಟೈಮಿಲ್ಲ” ಅನ್ನೋರಿಗೆ ಒಂದೇ ಮಾತು. ದಿನಕ್ಕೆ ಎಷ್ಟು ಸಲ ರೀ-ರನ್ ಒತ್ತಿ ಕಾಫಿಗೆ ಹೋಗ್ತೀರಿ, ಒಂದು ವಾರ ಎಣಿಸಿ.

ಹಾಗಾದರೆ ಏನು ಮಾಡಬೇಕು? ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ನಿಮ್ಮ ಟೆಸ್ಟುಗಳಲ್ಲಿ ಹಸಿರಾಗಿರೋ ಒಂದನ್ನ ಆರಿಸಿಕೊಳ್ಳಿ. ಅದು ಯಾವುದನ್ನ ಕಾಯ್ತಾ ಇದೆ ಅಂತ ಹೇಳುತ್ತೋ ಆ ಕೋಡನ್ನ ಬೇಕಂತಲೇ ಮುರೀರಿ. ಟೆಸ್ಟು ಓಡಿಸಿ. ಕೆಂಪಾದರೆ ಆ ಟೆಸ್ಟಿಗೊಂದು ನಮಸ್ಕಾರ ಹೇಳಿ ವಾಪಸ್ ಸರಿಮಾಡಿ. ಆಗಲೂ ಹಸಿರೇ ಇದ್ದರೆ, ಇಷ್ಟು ದಿನ ಯಾರನ್ನ ನಂಬಿ ಮಲಗಿದ್ದಿರಿ ಅಂತ ಗೊತ್ತಾಗುತ್ತೆ. ಆಮೇಲೆ ನೆಟ್‌ವರ್ಕನ್ನ ನಿಧಾನ ಮಾಡಿ, ನಡುವೆ ಕಡಿದು, ರೂಟ್ ಬಿಟ್ಟು, ಹಳೇ ಲ್ಯಾಪ್‌ಟಾಪಿನಲ್ಲಿ ಓಡಿಸಿ. ನಿಮ್ಮ ಟೀಮಿನಲ್ಲಿ ಸಣ್ಣ ಊರಿನಿಂದ ಕೆಲಸ ಮಾಡೋರಿದ್ದರೆ ಮೊದಲು ಅವರ ಹತ್ತಿರ ಓಡಿಸಿ, ಅವರು ಕೆಂಪು ಅಂದ್ರೆ ನಂಬಿ.

ನಾನು ಆಮೇಲೆ ಒಂದು ಟೆಸ್ಟು ಸೇರಿಸಿದೆ. ಕಂಟೇನರಿನ ಹೆಸರಿಗೆ ಪಾಡ್‌ಮನ್ ಕನ್ನಡ ಒಪ್ಪೋದಿಲ್ಲ, ರೋಮನ್ ಅಕ್ಷರ, ಅಂಕಿ ಮತ್ತು ಒಂದೆರಡು ಚಿಹ್ನೆ ಮಾತ್ರ. ಲೇಬಲ್ಲಿಗೆ ಆ ಕಟ್ಟುಪಾಡಿಲ್ಲ. ಅದಕ್ಕೆ ‘ಊರು’ ಅಂತ ಲೇಬಲ್ ಕೊಟ್ಟು, ಅದರ ಬೆಲೆ ‘ಹರಪನಹಳ್ಳಿ’ ಅಂತ ಇಟ್ಟು, ನಮ್ಮ ಟೂಲಿನ ಮೂಲಕ ಕಂಟೇನರ್ ಓಡಿಸಿ, ಇನ್‌ಸ್ಪೆಕ್ಟ್ ಮಾಡಿದಾಗ ಅಕ್ಷರ ಒಂದೂ ಒಡೆಯದೆ ವಾಪಸ್ ಬರುತ್ತಾ ಅಂತ ನೋಡೋ ಟೆಸ್ಟು. ರಿವ್ಯೂನಲ್ಲಿ ಯಾರೋ ಕೇಳಿದರು, “ಇದು ನಿಜಕ್ಕೂ ಬೇಕಾ?” ನಮ್ಮ ಟೂಲು ಲೇಬಲ್ಲನ್ನ ಎಲ್ಲೆಲ್ಲಿ ಕತ್ತರಿಸಿ ಅಂಟಿಸುತ್ತೆ ಅಂತ ಮೂರು ಜಾಗ ತೋರಿಸಿದೆ. ಒಂದರಲ್ಲಿ ನಿಜಕ್ಕೂ ಅಕ್ಷರ ಒಡೀತಿತ್ತು. ಟೆಸ್ಟು ಉಳೀತು.

ಈಗ ಆ ಕಂಪನಿಯಲ್ಲಿ ನಾನಿಲ್ಲ. ಆ ಟೆಸ್ಟು ಈಗಲೂ ದಿನಾ ಓಡ್ತಿರಬೇಕು. ಯಾವತ್ತಾದರೂ ಅದು ಕೆಂಪಾದರೆ, ಅಲ್ಲಿರೋರಲ್ಲಿ ನನ್ನದೊಂದು ವಿನಂತಿ: ರೀ-ರನ್ ಒತ್ತಬೇಡಿ. ಮೊದಲು ಓದಿ.